ಅಮಾವಾಸ್ಯೆ ಬಿಟ್ಟುಹೋದ ಲೆಕ್ಕ

ಗುರುಸ್ವಾಮಿ ಕೊಳ್ಳೇಗಾಲದ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಹುಟ್ಟಿದ್ದು ರೇಷ್ಮೆ ಸೀರೆ ನೇಯುವ ಮನೆಯಲ್ಲಿ, ಸತ್ತದ್ದೂ ಅದೇ ಬೀದಿಯಲ್ಲಿ, ಹೋದ ಮಾಘದಲ್ಲಿ. ಎದೆ ನೋವು ಎಂದ, ನೀರು ಕೇಳಿದ, ಅಷ್ಟೇ. ಅವನಿಗೆ ಸಿಟ್ಟು ಬಂದದ್ದನ್ನು ಮೊದಲೆಲ್ಲ ಕಂಡವರು ಕಡಿಮೆ. ಕೊನೆಯ ಒಂದೆರಡು ವರ್ಷ ಸಿಟ್ಟು ಇಳಿದದ್ದನ್ನು ಕಂಡವರು ಕಡಿಮೆ.

ಸಿಟ್ಟಿಗೆ ಕಾರಣ ಅವನೇ ಕಟ್ಟಿ ಬೆಳೆಸಿದ ಭಾನುವಾರದ ಸ್ಪರ್ಧೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹುಡುಗ ಹುಡುಗಿಯರು ಮನೆಯಲ್ಲೇ ಕುಳಿತು, ಅವನು ಕೊಟ್ಟ ಲೆಕ್ಕಕ್ಕೆ ಪ್ರೋಗ್ರಾಂ ಬರೆದು ಆನ್‌ಲೈನಿನಲ್ಲಿ ಕಳಿಸಬೇಕು. ಸರಿಯೋ ತಪ್ಪೋ ಎಂದು ಕಂಪ್ಯೂಟರ್ ಹೇಳುತ್ತದೆ. ಶುರುವಿನ ವರ್ಷಗಳಲ್ಲಿ ಒಂದು ಲೆಕ್ಕ ಬಿಡಿಸಿದವರು ವಾರವೆಲ್ಲ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದರು. ಎಐ ಬಂದ ಮೇಲೆ ಗುರುಸ್ವಾಮಿ ಸ್ಪರ್ಧೆಯ ಗ್ರೂಪಿಗೆ ಲೆಕ್ಕ ಹಾಕಿ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಉತ್ತರಗಳು ಬಂದು ಬೀಳತೊಡಗಿದವು. ಎಲ್ಲವೂ ಸರಿ. ಎಲ್ಲರೂ ಮೊದಲಿಗರು.

“ಎಲ್ರೂ ಪಾಸಾದ್ರೆ ಮೇಷ್ಟ್ರಿಗೆ ಖುಷಿ ಆಗ್ಬೇಕಪ್ಪ,” ಎಂದು ಹೆಂಡತಿ ರುದ್ರಾಣಿ ಕೆಣಕುತ್ತಿದ್ದಳು.

“ಪಾಸಾಗಿರೋದು ಅವ್ರಲ್ಲ ಕಣೆ, ಫೋನು. ತಕಬಾ, ಫೋನಿಗೇ ಒಂದು ಹಾರ ಹಾಕ್ತೀನಿ.”

ಬೈದ, ಬುದ್ಧಿ ಹೇಳಿದ, ಪ್ರಮಾಣ ಮಾಡಿಸಿದ. ಪ್ರಮಾಣ ಮಾಡಿದವರೇ ಮೊದಲು ಉತ್ತರ ಕಳಿಸಿದರು. ಈ ನಡುವೆ ಮೈಸೂರಿನ ದೊಡ್ಡ ಸ್ಪರ್ಧೆಗೆ ಇಲ್ಲಿಂದ ಒಬ್ಬರನ್ನು ಕಳಿಸುವ ಅವಕಾಶ ಬಂತು. ಒಬ್ಬರನ್ನು ಮಾತ್ರ. ಯಾರಾದರೂ ಒಬ್ಬರು ಸ್ವಂತ ತಲೆಯಿಂದ ಬಿಡಿಸಿದವರು ಸಿಗಲಿ, ಇಲ್ಲದಿದ್ದರೆ ಅಂಗಡಿ ಮುಚ್ಚುತ್ತೇನೆ ಎಂದುಕೊಂಡು ಗುರುಸ್ವಾಮಿ ಒಂದು ಹೊಸ ಲೆಕ್ಕ ಕಟ್ಟಿದ.

ಮದುವೆಗೆ ಇಷ್ಟು ಸೀರೆ ಬೇಕು. ಮಗ್ಗಗಳು ಇಷ್ಟು, ಒಂದೊಂದು ಮಗ್ಗ ದಿನಕ್ಕೆ ಇಷ್ಟು ಮೊಳ. ಕೆಲಸ ಮುಗಿಯುವುದು ಯಾವತ್ತು? ಇದರ ಜೊತೆಗೆ ಅಮಾವಾಸ್ಯೆ ಯಾವ ದಿನ ಬೀಳುತ್ತದೆ ಎಂಬುದನ್ನೂ ಕೊಟ್ಟಿದ್ದ. ಅಮಾವಾಸ್ಯೆಯಂದು ಅವರ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಇದನ್ನು ಅಲ್ಲಿ ಯಾರೂ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಗುರುಸ್ವಾಮಿಯೂ ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಬರೆಯಬೇಕು ಎಂದೇ ಅವನಿಗೆ ತೋಚಲಿಲ್ಲ.

ಅರವತ್ತಕ್ಕೂ ಮೀರಿ ಉತ್ತರ ಬಂದವು. ಒಂದನ್ನು ಬಿಟ್ಟು ಎಲ್ಲ ತಪ್ಪು. ತೆರೆದು ನೋಡಿದರೆ, ಅಮಾವಾಸ್ಯೆಯ ದಿನದ ಪಕ್ಕದಲ್ಲಿ ಒಂದೇ ಇಂಗ್ಲಿಷ್ ಟಿಪ್ಪಣಿ, ಎಲ್ಲರದ್ದರಲ್ಲೂ ಅಕ್ಷರ ಬಿಡದೆ: ಈ ಸಂಖ್ಯೆ ಇಲ್ಲಿ ಬೇಕಾಗಿಲ್ಲ. ಗುರುಸ್ವಾಮಿ ತಲೆ ಚಚ್ಚಿಕೊಂಡ. ಸರಿ ಮಾಡಿದ್ದವನು ಎರಡು ಮನೆ ಆಚೆಯ ನಿರಂಜನ್. ಚಪ್ಪಲಿ ಮೆಟ್ಟುವುದನ್ನೂ ಮರೆತು ಅಲ್ಲಿಗೆ ಓಡಿದ.

“ಲೇ ನಿರಂಜನ, ಎಂಗ್ಲಾ ಹೊಳೀತು ನಿಂಗೆ?”

“ಅದೇನ್ ಮಹಾ ಸಾ? ಅಮಾಸೆ ದಿನ ಮಗ್ಗ ನಿಲ್ಸ್ತೀವಿ ಅಂತ ಏಳ್ದೆ. ಬರ್ದು ಕೊಡ್ತು.”

“ಯಾವ್ದು?”

“ಎಐ ಸಾ. ಅದ್ಕೇನ್ ಗೊತ್ತಿರ್ತದೆ ನಮ್ ಬೀದಿ ಸಮಾಚಾರ, ಪಾಪ.”

ಗುರುಸ್ವಾಮಿ ಬಂದ ಬರಿಗಾಲಲ್ಲೇ ವಾಪಸ್ ತಿರುಗಿದ. ಒಳಗಿಂದ ನಿರಂಜನನ ತಾಯಿ ಚನ್ನಮಲ್ಲಮ್ಮನ ದನಿ ಬಂತು: “ಕೂತ್ಕಳಿ ಮೇಷ್ಟ್ರೇ, ಕಾಫಿ ತತ್ತೀನಿ! ನಮ್ಮುಡ್ಗ ಫಸ್ಟ್ ಬಂದವ್ನಂತಲ್ಲ!”

ಮನೆಗೆ ಬಂದು, ಪ್ರಶ್ನೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ, ತಪ್ಪು ನನ್ನದು ಎಂದು ಗ್ರೂಪಿನಲ್ಲಿ ಬರೆದ. ಬರೆದದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಪ್ರಶ್ನೆ ತಪ್ಪಿದ್ದರೆ ಗ್ರೇಸ್ ಮಾರ್ಕ್ಸ್ ಕೊಡಬೇಕು, ಬೋರ್ಡ್ ಪರೀಕ್ಷೆಯಲ್ಲೇ ಕೊಡುತ್ತಾರೆ, ಪ್ರಯತ್ನ ಪಟ್ಟವರಿಗೆಲ್ಲ ಪೂರ್ತಿ ಕೊಡಿ ಸಾರ್!

“ಪ್ರಯತ್ನವಂತೆ! ಯಾರ್ರಲಾ ಪ್ರಯತ್ನ ಪಟ್ಟಿದ್ದು?” ಎಂದು ಅವನು ಫೋನಿನ ಮುಖಕ್ಕೇ ಕೂಗಿದ.

ಆ ಗಲಾಟೆಯನ್ನು ಮೇಲಕ್ಕೆ ಸರಿಸುತ್ತ ಹೋದಾಗ ಬೆಳಿಗ್ಗೆ ಸ್ಪರ್ಧೆ ನಡೆಯುತ್ತಿದ್ದಾಗ ಬಂದ ಒಂದು ಸಾಲು ಕಣ್ಣಿಗೆ ಬಿತ್ತು. ಬರೆದವಳು ಪುಷ್ಪ, ಹನೂರಿನವಳು, ಡಿಪ್ಲೊಮಾ ಎರಡನೇ ವರ್ಷ. ‘ಸರ್, ಅಮಾವಾಸ್ಯೆ ಯಾಕೆ ಕೊಟ್ಟಿದ್ದೀರಿ? ಅವತ್ತು ಏನಾಗುತ್ತೆ?’ ಅವಳು ಉತ್ತರ ಕಳಿಸಿರಲಿಲ್ಲ. ಅವಳಿಗೆ ಸೊನ್ನೆ. ಪ್ರಶ್ನೆ ಕೇಳುವವರೇ ಇಲ್ಲವಾಗಿ ಎಷ್ಟೋ ಕಾಲವಾಗಿದ್ದರಿಂದ ಗುರುಸ್ವಾಮಿ ಅತ್ತ ನೋಡುವುದನ್ನೇ ಬಿಟ್ಟಿದ್ದ. ಕೂಡಲೇ ಫೋನ್ ಮಾಡಿದ.

“ಯಾಕಮ್ಮ, ಏನೂ ಬರ್ದೇ ಇಲ್ವಲ್ಲ?”

“ಕೇಳ್ದೆ ಸಾ, ನೀವು ಏಳ್ನಿಲ್ಲ. ನಮ್ಮನೇಲಿ ಬೆಳೆಯೋದು ಜೋಳ. ಮಗ್ಗ ಕಂಡೋಳಲ್ಲ ನಾನು. ಗೊತ್ತಿಲ್ದೆ ಏನ್ ಬರೀಲಿ?”

“ಎಐನ ಕೇಳ್ಬೋದಿತ್ತಲ್ಲ, ಎಲ್ರಂಗೆ?”

“ಲೆಕ್ಕ ಕೊಟ್ಟೋರು ನೀವು ಸಾ. ಅದುನ್ನ ಯಾಕೆ ಕೇಳ್ಲಿ?” ಅವಳ ದನಿಯಲ್ಲೂ ಸಿಟ್ಟಿತ್ತು.

ಗ್ರೇಸ್ ಮಾರ್ಕ್ಸ್ ಕೊಟ್ಟರೆ ನಕಲು ಮಾಡಿದವರೆಲ್ಲ ಮುಂದೆ, ಯೋಚಿಸಿದವಳೊಬ್ಬಳು ಹಿಂದೆ. ಉತ್ತರ ನೋಡಿ ಕಳಿಸಿದರೆ ನಿರಂಜನ್. “ಅವನ್ನೇ ಕಳ್ಸ್‌ಬುಡಿ, ದಿನಾ ಬೆಳಗಾದ್ರೆ ಚನ್ನಮಲ್ಲಕ್ಕನ ಮುಖ ನೋಡ್ಬೇಕು ನಾನು,” ಎಂದಳು ರುದ್ರಾಣಿ. ಗುರುಸ್ವಾಮಿ ಒಪ್ಪಲಿಲ್ಲ. ಮುಂದಿನ ಭಾನುವಾರ ಎಲ್ಲರೂ ಕಾಲೇಜಿಗೆ ಬನ್ನಿ, ಅದೇ ಲೆಕ್ಕ, ಪೆನ್ನು ಹಾಳೆ ನಾನು ಕೊಡುತ್ತೇನೆ, ಫೋನು ನನ್ನ ಮೇಜಿನ ಮೇಲೆ ಎಂದು ಬರೆದ.

ಬಂದವರು ಒಂಬತ್ತು ಜನ. ಯಳಂದೂರಿನವರಿಗೆಲ್ಲ ಒಂದೇ ದಿನ ಬಸ್ಸು ತಪ್ಪಿತ್ತಂತೆ. ಬಿಟ್ಟುಹೋಗಿದ್ದ ಮಾತನ್ನು ಗುರುಸ್ವಾಮಿ ಬೋರ್ಡಿನ ಮೇಲೆ ದಪ್ಪವಾಗಿ ಬರೆದ. ನಿರಂಜನ್ ಬಹಳ ಹೊತ್ತು ಪೆನ್ನಿನ ಮುಚ್ಚಳ ಕಡಿದ.

“ಸಾ, ಗೊತ್ತು ಸಾ. ಎಲ್ಲಾ ಗೊತ್ತು. ಎಲ್ಲಿಂದ ಸುರು ಮಾಡ್ಬೇಕು ಅನ್ನೋದೇ ಗೊತ್ತಾಯ್ತಿಲ್ಲ.”

ಬೈಯಲು ಬಾಯಿ ತೆರೆದ ಗುರುಸ್ವಾಮಿ ಅವನ ಮುಂದೆ ಇನ್ನೊಂದು ಹಾಳೆ ಇಟ್ಟ. ಮಗ್ಗದ ಸದ್ದಿನಲ್ಲೇ ಬೆಳೆದ ಹುಡುಗ, ದಡ್ಡನಲ್ಲ. ಪುಷ್ಪ ಮಾತ್ರ ಕೈಯೆತ್ತಿ ಕೇಳುತ್ತಲೇ ಇದ್ದಳು. ಅರ್ಧ ಮೊಳ ಉಳಿದರೆ ಮಾರನೇ ದಿನಕ್ಕೆ ಸೇರುತ್ತದಾ? ಒಂದು ಸೀರೆಯನ್ನು ಎರಡು ಮಗ್ಗದಲ್ಲಿ ನೇಯಬಹುದಾ? ಉಳಿದವರು ಕಿಸಕ್ಕೆಂದರು, ಅವರ ಹಾಳೆಗಳೂ ಖಾಲಿಯೇ. ಅವಳು ಬರೆದದ್ದರಲ್ಲೂ ಕೊನೆಯ ದಿನ ಒಂದು ಹೆಚ್ಚಾಗಿ ಬಂದಿತ್ತು. ಆದರೂ ಲೆಕ್ಕ ಅವಳದೇ. ಗುರುಸ್ವಾಮಿ ಅವಳ ಹೆಸರು ಕಳಿಸಿದ. ಗ್ರೂಪಿನಿಂದ ಅರ್ಧ ಜನ ಹೊರಹೋದರು. ಚನ್ನಮಲ್ಲಮ್ಮ ರುದ್ರಾಣಿಯ ಜೊತೆ ಮಾತು ಬಿಟ್ಟಳು.

ಮೈಸೂರಿನ ಸ್ಪರ್ಧೆ ಮುಗಿದ ಸಂಜೆ ಪುಷ್ಪ ಬಸ್ಸಿನಿಂದ ಫೋನ್ ಮಾಡಿದಳು.

“ಇಲ್ಲೂ ಅದೇ ಕತೆ ಸಾ. ನನ್ ಮುಂದ್ಗಡೆ ಕೂತಿದ್ದೋನು ತೊಡೆ ಮ್ಯಾಲೆ ಫೋನ್ ಮಡಿಕಂಡಿದ್ದ.”

“ಅಲ್ಲಿದ್ದ ಮೇಷ್ಟ್ರುಗಳು ಏನ್ ಮಾಡ್ತಿದ್ರು?”

“ಅವ್ರೂ ಫೋನ್ ನೋಡ್ತಿದ್ರು ಸಾ.”

ಗುರುಸ್ವಾಮಿ ಹಲ್ಲು ಕಡಿದ. “ಹಾಳಾಗೋಗ್ಲಿ. ನೀನೆಷ್ಟು ಬಿಡಿಸ್ದೆ?”

“ಐದ್ರಲ್ಲಿ ಎಲ್ಡು. ಮೂರ್ನೇದು ಅರ್ಧ. ಪ್ರೈಜು ಗೀಜು ಏನಿಲ್ಲ ಸಾ.”

“ಪ್ರೈಜ್ ಯಾರ್ ಕೇಳಿದ್ರು? ಆ ಅರ್ಧಕ್ಕೆ ಯಾಕೆ ನಿಂತೆ ಹೇಳು.”

ಅವಳು ಹೇಳತೊಡಗಿದಳು. “ಅಲ್ಲ ಕಣಮ್ಮ, ಅಲ್ಲೇ ನೀನು ಎಡವಿರೋದು,” ಎಂದು ಇವನು ನಡುನಡುವೆ ಬಾಯಿ ಹಾಕಿದ. ಅವಳು ವಾದಿಸಿದಳು. ರುದ್ರಾಣಿ ತಟ್ಟೆ ಇಟ್ಟು ಕರೆದಳು, ಮತ್ತೆ ಕರೆದಳು. ಬಸ್ಸು ನರಸೀಪುರ ದಾಟಿತು. ಮುದ್ದೆ ಆರಿ ಕಲ್ಲಾಯಿತು. ಅವನು ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತ, “ಇಲ್ಲ, ಇಲ್ಲ, ಇನ್ನೊಂದ್ಸಲ ಮೊದ್ಲಿಂದ ಹೇಳು,” ಎನ್ನುತ್ತಲೇ ಇದ್ದ.