ಕಾಡಿನೊಳಗೆ ಮದುವೆಯ ಫ್ಲಾಶು

ಅವರ ಎಡಗಣ್ಣು ಊಟ ಮಾಡುವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹುಡುಗನಾಗಿದ್ದಾಗಿಂದ ಕ್ಯಾಮೆರಾಗೆ ಬಲಗಣ್ಣು ಒತ್ತಿ ಒತ್ತಿ ಎಡಗಣ್ಣಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಒಂದು ಸಲ ಕುಣಿಗಲ್ಲಿನ ಛತ್ರದಲ್ಲಿ ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಅಡ್ಡಗಟ್ಟಿ ನಿಂತು, "ಏನ್ಲಾ ಅದು, ವಯಸ್ಸಿಗೆ ಬಂದ ಹೆಣ್ಮಕ್ಕಳ ಮುಂದೆ ಕಣ್ಣು ಹೊಡೀತಾ ನಿಂತಿದೀಯಾ?" ಎಂದು ಕೇಳಿಯೇಬಿಟ್ಟರು. ಇವರು ಕ್ಯಾಮೆರಾ ಇಳಿಸದೆ, "ಅಜ್ಜಿ, ನಿಮಗೂ ಹೊಡೀತಿದೀನಿ, ಬೇಜಾರ್ ಮಾಡ್ಕೋಬೇಡಿ" ಅಂದರು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. ಆ ನಗುವೂ ಆಲ್ಬಮ್ಮಿಗೆ ಸೇರಿತು.

ಸ್ಟುಡಿಯೋ ಇದ್ದದ್ದು ತುಮಕೂರಿನಲ್ಲಿ. ಎಲ್ಲರಿಗೂ ಅವರು ಸ್ಟುಡಿಯೋ ಸಾಹೇಬರು, ನನಗೂ ಅಷ್ಟೇ. ನಾನು ಗುಬ್ಬಿಯವನು. ಏಳನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟು ಹಿರೇಹಳ್ಳಿಯ ವರ್ಕ್‌ಶಾಪೊಂದರಲ್ಲಿ ಗ್ರೀಸು ಮೆತ್ತಿಕೊಂಡು ಕೆಲಸ ಕಲಿತೆ. ಯಾರ ಹಂಗೂ ಇಲ್ಲದೆ ಒಂದು ವ್ಯಾನು ಮಾಡಿಕೊಂಡೆ. ನನ್ನ ವ್ಯಾನು ದಾರಿಯಲ್ಲಿ ಕೆಟ್ಟು ನಿಂತದ್ದನ್ನು ನೋಡಿದವರು ಯಾರಾದರೂ ಇದ್ದರೆ ಇವತ್ತಿಗೂ ಬಂದು ಹೇಳಬಹುದು. ಮದುವೆ ದಿಬ್ಬಣಕ್ಕೆ ವ್ಯಾನು ಓಡಿಸುತ್ತ ಓಡಿಸುತ್ತ ಸಾಹೇಬರ ಪರಿಚಯವಾಯಿತು. ಆಮೇಲೆ ಅವರು ಎಲ್ಲಿಗೆ ಫೋಟೋ ತೆಗೆಯಲು ಹೋದರೂ ನನ್ನ ವ್ಯಾನೇ.

ಆಷಾಢ ಬಂತೆಂದರೆ ನಮ್ಮಿಬ್ಬರಿಗೂ ಕೆಲಸವಿಲ್ಲ. ಲಗ್ನವಿಲ್ಲದ ತಿಂಗಳಲ್ಲಿ ಫೋಟೋಗ್ರಾಫರನ್ನು ಯಾರು ಕರೆಯುತ್ತಾರೆ, ವ್ಯಾನನ್ನು ಯಾರು ಕರೆಯುತ್ತಾರೆ? ಸಾಹೇಬರ ಮುಸ್ಲಿಂ ಜನಕ್ಕೆ ಆಷಾಢದ ಲೆಕ್ಕವಿಲ್ಲ, ಅಂಥ ಮದುವೆ ಏನಾದರೂ ಬಂದರೆ ತಮ್ಮನನ್ನು ಕಳಿಸುತ್ತಿದ್ದರು. ಬೇರೆ ಸ್ಟುಡಿಯೋದವರು ಆಷಾಢದಲ್ಲಿ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರೆ, ಸಾಹೇಬರು ಬೀಗ ಹಾಕಿಕೊಂಡು ಮಳೆಕಾಡಿಗೆ ಹೊರಡುತ್ತಿದ್ದರು. "ನಮಗೆ ಕೆಲಸ ಇಲ್ಲದ ತಿಂಗಳು ಕಾಡಿಗೆ ಕೈತುಂಬ ಕೆಲಸ. ಹೋಗಿ ನೋಡೋದು ಮರ್ಯಾದೆ ಅಲ್ವೇನಪ್ಪಾ?" ಎನ್ನುವುದು ಅವರ ಮಾತು.

ನನ್ನ ಹೆಂಡತಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಜಿಗಣೆಗೆ ರಕ್ತ ಕೊಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ನಮ್ಮ ಸೊಳ್ಳೆಗಳಿಗೆ ಕೊಡಿ" ಎನ್ನುತ್ತಿದ್ದಳು.

ಕುಣಿಗಲ್ಲಿನಲ್ಲಿ ಕೆರೆ ಏರಿಯ ಹತ್ತಿರ ಒಂದು ಟೀ ಕುಡಿದು, ಹಾಸನ, ಸಕಲೇಶಪುರ ದಾಟಿ ಬಿಸಿಲೆ ಘಾಟಿಗೆ ಹೋಗುತ್ತಿದ್ದೆವು. ನಮಗೆ ಕಾಡು ಅಂದರೆ ದೇವರಾಯನದುರ್ಗ. ಅಲ್ಲಿ ಮರದ ಸಂದಿಯಲ್ಲಿ ಆಕಾಶ ಕಾಣುತ್ತದೆ, ಬಸ್ಸಿನ ಸದ್ದು ಕೇಳುತ್ತದೆ. ಬಿಸಿಲೆಯಲ್ಲಿ ಮರದ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ, ಜರಿಗಿಡದ ಮೇಲೆ ಇನ್ಯಾವುದೋ ಬಳ್ಳಿ. ಮಳೆ ನಿಂತರೂ ಮರ ನಿಲ್ಲಿಸುವುದಿಲ್ಲ, ತೊಟ್ಟಿಕ್ಕುತ್ತಲೇ ಇರುತ್ತದೆ. ಸಾಹೇಬರು ಮೂರುಕಾಲಿನ ಸ್ಟ್ಯಾಂಡ್ ಊರಿ, ಹೆಬ್ಬೆರಳ ಉಗುರಿನಷ್ಟಿರುವ ಕಪ್ಪೆಯ ಮುಂದೆ ಒದ್ದೆ ನೆಲದಲ್ಲಿ ಮೊಣಕಾಲೂರಿ ಕೂತರೆ ಮುಗಿಯಿತು. ನನ್ನ ಕೆಲಸ ಕ್ಯಾಮೆರಾಗೆ ಛತ್ರಿ ಹಿಡಿಯುವುದು. ಅವರಿಗಲ್ಲ, ಕ್ಯಾಮೆರಾಗೆ. ಅವರು ನೆನೆಯುತ್ತಲೇ ಇರುತ್ತಿದ್ದರು.

ಕಾಡಿನಲ್ಲಿ ಅವರು ಫ್ಲಾಶು ಮುಟ್ಟುತ್ತಿರಲಿಲ್ಲ. "ಕತ್ತಲೆ ಇದೆಯಲ್ಲ ಸಾಹೇಬ್ರೇ, ಒಂದು ಹೊಡೀರಿ, ಬೇಗ ಮುಗಿಯತ್ತೆ" ಎಂದರೆ, "ಅರೆ, ಮದುವೆ ಮನೇಲಿ ಜನ ಫೋಟೋಗೆ ಅಂತ ರೆಡಿಯಾಗಿ ಬಂದಿರ್ತಾರೆ. ಇವರು ಇವರ ಮನೇಲಿ ಇದಾರೆ. ಕದ ತಳ್ಳಿ ಲೈಟ್ ಹಾಕ್ತೀಯಾ?" ಅನ್ನುತ್ತಿದ್ದರು. ಫ್ಲಾಶು, ಅದರ ಬ್ಯಾಟರಿ ಪೆಟ್ಟಿಗೆ ಎಲ್ಲಾ ವ್ಯಾನಿನಲ್ಲೇ ಮದುವೆ ಬ್ಯಾಗಿನೊಳಗೆ ಇರುತ್ತಿತ್ತು.

ನನ್ನ ದೊಡ್ಡ ಮಗಳಿಗೆ ಇನ್ನೂ ಹಲ್ಲು ಬಂದಿರದ ವರ್ಷ. ಗುಬ್ಬಿಯಲ್ಲಿ ಆ ಸಾಲಿನ ಕೊನೆಯ ಮದುವೆ ಮುಗಿಸಿ ಮಾರನೇ ದಿನವೇ ಬಿಸಿಲೆಗೆ ಹೋಗಿದ್ದೆವು. ಮಧ್ಯಾಹ್ನದ ಮೇಲೆ ಸಾಹೇಬರು ಬಿದ್ದ ಮರವೊಂದರ ಅಣಬೆಗಳ ಮುಂದೆ ಕೂತರು. ಗಾಳಿ ಜೋರಾಯಿತು. "ವ್ಯಾನಿಂದ ಪ್ಲಾಸ್ಟಿಕ್ ಶೀಟ್ ತಂದುಬಿಡಪ್ಪಾ, ಅಡ್ಡ ಕಟ್ಟೋಣ. ಬಂದ ದಾರೀಲೇ ಹೋಗು" ಅಂದರು. ದಾರಿ ವಿಷಯದಲ್ಲಿ ನನಗೇ ಹೇಳುವುದೇ? ಒಂದು ಸಲ ಹೋದ ರಸ್ತೆಯನ್ನು ನಾನು ಮರೆತವನಲ್ಲ. ಸುತ್ತಿ ಬರುವ ಕಾಲುದಾರಿ ಬಿಟ್ಟು ನೇರ ನುಗ್ಗಿದೆ.

ಆಗಲೇ ಮಂಜು ಇಳಿಯಿತು. ನಾಲ್ಕು ಹೆಜ್ಜೆ ಆಚೆಗೆ ಏನೂ ಕಾಣದು. ಹಿಂದಕ್ಕೆ ತಿರುಗಿದರೆ ಹಿಂದೆ ಎನ್ನುವುದೇ ಇಲ್ಲ, ಎಲ್ಲಾ ಕಡೆ ಅದೇ ಮರ. ಕೂಗಿದೆ. ಕೂಗು ಬಾಯಿಂದ ಆಚೆ ಹೋದಂತೆ ಅನ್ನಿಸಲಿಲ್ಲ. ಕಾಲ ಬಳಿ ನೀರು ಹರಿಯುತ್ತಿತ್ತು. ನಾನು ಬಯಲುಸೀಮೆಯವನು. ನಮ್ಮಲ್ಲಿ ಹಸುಗೂಸಿಗೂ ಗೊತ್ತು, ನೀರು ಹಿಡಿದು ಇಳಿದರೆ ಕೆರೆ ಸಿಗುತ್ತದೆ, ಕೆರೆ ಸಿಕ್ಕರೆ ಏರಿ, ಏರಿಯ ಪಕ್ಕ ಊರು. ಆ ಧೈರ್ಯದಲ್ಲಿ ನೀರಿನ ಜೊತೆ ಇಳಿದೆ. ಇಳಿದಂತೆ ನೀರು ದೊಡ್ಡದಾಯಿತು, ಸದ್ದು ದೊಡ್ಡದಾಯಿತು, ಇಳಿಜಾರು ಕಡಿದಾಯಿತು. ಕೆರೆಯ ಸುಳಿವೇ ಇಲ್ಲ. ಒಂದು ಕಡೆ ಕಾಲು ಜಾರಿ ಬೇರು ಹಿಡಿದುಕೊಂಡು ನಿಂತಾಗ ಕೆಳಗೆ ನೋಡಿದೆ. ಕೆಳಗೆ ಎನ್ನುವುದು ಬರೀ ಬಿಳಿ. ಈ ಸೀಮೆಯ ನೀರಿಗೆ ಯಾವ ಊರಿನ ಗೊಡವೆಯೂ ಇಲ್ಲ ಎಂದು ಆಗ ಹೊಳೆಯಿತು.

ಆ ಬೇರಿನ ಮೇಲೇ ಕೂತೆ. ಬೆಳಕು ಕಂದುತ್ತಿತ್ತು. ಕಾಲಿನ ಬೆರಳ ಸಂದಿಯಲ್ಲೆಲ್ಲ ಜಿಗಣೆ, ಕೀಳಲೂ ಮನಸ್ಸಿಲ್ಲ. ಮಗಳ ಬೊಚ್ಚು ಬಾಯಿ ನೆನಪಾಗುತ್ತಿತ್ತು. ನಡುವೆ ವ್ಯಾನಿನ ಹಾರ್ನು ಕೇಳಿದಂತಾಯಿತು. ಅದು ಎದುರಿನ ಗುಡ್ಡದಿಂದ ಬಂತು. ಮರುಕ್ಷಣ ಬೆನ್ನ ಹಿಂದಿನಿಂದ. ಕಿವಿಯನ್ನು ನಂಬಿ ಹೊರಟಿದ್ದರೆ ಆ ಬಿಳಿಯೊಳಗೇ ಬೀಳುತ್ತಿದ್ದೆ.

ಆಗ ಮಂಜು ಉರಿಯಿತು. ನನ್ನ ಬಲಕ್ಕೆ, ತುಂಬ ಮೇಲೆ, ಒಂದು ಕಡೆ ಮಂಜೆಲ್ಲ ಹಾಲಿನ ಹಾಗೆ ಬೆಳಗಿ ಆರಿತು. ಮಿಂಚು ಅಂದುಕೊಂಡೆ. ಗುಡುಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಜಾಗದಲ್ಲಿ. ಫ್ಲಾಶು ಒಂದು ಸಲ ಹೊಡೆದ ಮೇಲೆ ಕುಂಯ್ ಎನ್ನುತ್ತ ಮತ್ತೆ ಶಕ್ತಿ ತುಂಬಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಎಷ್ಟೋ ಮದುವೆ ನೋಡಿದ ನನ್ನ ಮೈಗೇ ಗೊತ್ತಿತ್ತು. ಅದೇ ಅಳತೆ. ಯಾರ ಮದುವೆಯಲ್ಲೂ ನನಗೆ ಅಷ್ಟು ಸಂತೋಷವಾದದ್ದಿಲ್ಲ, ನನ್ನದೂ ಸೇರಿ. ಬೇರು, ಬಳ್ಳಿ, ಕಲ್ಲು, ಸಿಕ್ಕಿದ್ದನ್ನು ಹಿಡಿದು ಹತ್ತಿದೆ. ದಿಕ್ಕು ತಪ್ಪಿತು ಅನ್ನಿಸಿದಾಗ ನಿಂತೆ, ಮತ್ತೆ ಬೆಳಗಿದಾಗ ಆ ಕಡೆಗೆ ಹತ್ತಿದೆ.

ರಸ್ತೆ ಅಂಚಿನಲ್ಲಿ ಸಾಹೇಬರು ಫ್ಲಾಶನ್ನು ತಲೆ ಮೇಲೆತ್ತಿ ಕಣಿವೆ ಕಡೆಗೆ ಮುಖ ಮಾಡಿ ನಿಂತಿದ್ದರು. ಭುಜಕ್ಕೆ ಬ್ಯಾಟರಿ ಪೆಟ್ಟಿಗೆ, ಕೊರಳಲ್ಲಿ ಕ್ಯಾಮೆರಾ. ನನ್ನನ್ನು ಕಂಡಾಗ ಎರಡು ಕಣ್ಣೂ ಪೂರ್ತಿ ತೆರೆದಿದ್ದವು. ಹಾಗೆ ನಾನು ನೋಡಿದ್ದು ಅದೊಂದೇ ಸಲ.

"ವ್ಯಾನಿನ ಗ್ಲಾಸು ಒಡೆದಿದೀನಿ ಕಣಪ್ಪಾ. ಬೈಬೇಡ. ಬೀಗದ ಕೈ ನಿನ್ನ ಜೇಬಲ್ಲೇ ಇತ್ತಲ್ಲ" ಎಂದರು.

ನಾನು ಅಲ್ಲೇ ರಸ್ತೆ ಮೇಲೆ ಕೂತೆ. "ನಾನು ಕೆಳಗೆ ಹೋಗಿದೀನಿ ಅಂತ ಹೆಂಗೆ ಗೊತ್ತಾಯ್ತು ಸಾಹೇಬ್ರೇ?"

"ಇನ್ನೆಲ್ಲಿಗೆ ಹೋಗ್ತೀಯಾ? ನಾನೂ ಕುಣಿಗಲ್ ಕೆರೆ ಹಿಂದೆ ಹುಟ್ಟಿದವನೇ. ಮೊದಲ ವರ್ಷ ನಾನೂ ಹಿಂಗೇ ಕೆರೆ ಹುಡುಕ್ಕೊಂಡು ಇಳಿದಿದ್ದೆ. ಸೌದೆಯವನೊಬ್ಬ ಕತ್ತು ಹಿಡಿದು ಎಳ್ಕೊಂಡು ಬಂದ." ಅಷ್ಟು ಹೇಳಿ ಕ್ಯಾಮೆರಾ ಎತ್ತಿ, ಬಾಯಿ ತೆರೆದುಕೊಂಡು ಕೂತಿದ್ದ ನನ್ನದೊಂದು ಫೋಟೋ ಹೊಡೆದರು. ಎಡಗಣ್ಣು ಮತ್ತೆ ಅರ್ಧ ಮುಚ್ಚಿತು. "ನೋಡು, ಕಾಡಲ್ಲಿ ಫ್ಲಾಶ್ ಹಾಕಿಸಿಬಿಟ್ಟೆಯಲ್ಲೋ ಪುಣ್ಯಾತ್ಮ. ಆ ಕಪ್ಪೆಗಳು ನನ್ನ ಬಗ್ಗೆ ಏನಂದ್ಕೊಂಡಿರ್ತವೋ!"

ಆಮೇಲೆ ಕೂತು ನನ್ನ ಕಾಲಿನ ಜಿಗಣೆಗಳನ್ನು ಒಂದೊಂದಾಗಿ ಉಪ್ಪು ಮುಟ್ಟಿಸಿ ಬಿಡಿಸಿದರು. ನಾನು ಕಾಲು ಎಳೆದುಕೊಂಡರೆ, "ಸುಮ್ನಿರೋ" ಎಂದು ಗದರಿದರು. ಮಳೆ ಒಡೆದ ಕಿಟಕಿಯಿಂದ ಒಳಗೆ ಹೊಡೆಯುತ್ತಿತ್ತು. ಊರು ಮುಟ್ಟುವವರೆಗೂ ಸಾಹೇಬರು ಆ ಕಡೆಯ ಸೀಟಿನಲ್ಲೇ ಛತ್ರಿ ಬಿಚ್ಚಿ ಹಿಡಿದು ಕೂತಿದ್ದರು. ಕುಣಿಗಲ್ಲಿನ ಟೀ ಅಂಗಡಿಯವನು, "ಏನ್ ಸಾಹೇಬ್ರೇ, ವ್ಯಾನಿನೊಳಗೂ ಮಳೆಗಾಲಾನಾ?" ಎಂದ. "ಇಲ್ಲಪ್ಪ, ಇವನಿಗೆ ಕಾಡು ಬಿಟ್ಟು ಬರಕ್ಕೆ ಮನಸ್ಸಿಲ್ಲ, ಜೊತೇಲೇ ತಂದವ್ನೆ" ಅಂದರು. ದಾರಿ ತಪ್ಪಿದ ಸುದ್ದಿ ಅಲ್ಲಿ ಎತ್ತಲಿಲ್ಲ, ಬೇರೆಲ್ಲೂ ಎತ್ತಲಿಲ್ಲ. ಮನೆಯಲ್ಲಿ ನಾನೇ ಹೇಳಿದೆ. ಮುಂದಿನ ಆಷಾಢದಲ್ಲಿ ನನ್ನ ಹೆಂಡತಿಯೇ ಇಬ್ಬರಿಗೂ ರೊಟ್ಟಿ ಕಟ್ಟಿಕೊಟ್ಟಳು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸಾಹೇಬರು ಸ್ಟುಡಿಯೋದಲ್ಲಿದ್ದ ಹಂಸ, ಜಲಪಾತದ ಪರದೆ ತೆಗೆದು ತಮ್ಮದೇ ಬಿಸಿಲೆಯ ಫೋಟೋವನ್ನು ಗೋಡೆಯಗಲ ಫ್ಲೆಕ್ಸ್ ಮಾಡಿಸಿ ಹಾಕಿದರು. "ಬರೀ ಹಸಿರು ಐತಲ್ಲ, ತಾಜ್ ಮಹಲ್ ಇಲ್ವಾ?" ಎಂದು ಗಿರಾಕಿಗಳು ಕೇಳುತ್ತಿದ್ದರು. "ಅದರ ಹಿಂದೆ ಐತೆ, ಮಂಜು ಹೋದ್ಮೇಲೆ ಕಾಣತ್ತೆ, ನಿಂತ್ಕೊಳ್ಳಿ" ಎನ್ನುತ್ತಿದ್ದರು. ಮಂಡಿನೋವು ಬಂದ ಮೇಲೆ ಕಾಡಿನೊಳಗೆ ನಡೆಯಲಾಗಲಿಲ್ಲ. ಘಾಟಿಯ ಅಂಚಿಗೆ ವ್ಯಾನು ನಿಲ್ಲಿಸಲು ಹೇಳಿ, ಕಿಟಕಿ ಇಳಿಸಿ, ಸುಮ್ಮನೆ ಕೇಳಿಸಿಕೊಳ್ಳುತ್ತ ಕೂರುತ್ತಿದ್ದರು.

"ಹೋದ್ರೆ ಆಷಾಢದಲ್ಲೇ ಹೋಗ್ಬೇಕು. ಲಗ್ನದ ಟೈಮಲ್ಲಿ ಹೋದ್ರೆ ಹೆಣ್ಣಿನ ಅಪ್ಪ ಗೋರಿ ಹತ್ರ ಬಂದು ಬೈತಾನೆ" ಎಂದು ತಮಾಷೆ ಮಾಡುತ್ತಿದ್ದರು. ಹಾಗೆಯೇ ಆಯಿತು. ಆಷಾಢದ ಒಂದು ಬೆಳಿಗ್ಗೆ, ಟೀ ಕುಡಿದು ಲೋಟ ಕೆಳಗಿಟ್ಟು, ಕುರ್ಚಿಯಲ್ಲೇ ಹೋಗಿಬಿಟ್ಟರು. ಯಾರ ಮದುವೆಯೂ ಕೆಡಲಿಲ್ಲ. ಮಣ್ಣು ಹಾಕುವಾಗ ಸಣ್ಣಗೆ ಮಳೆ ಬರುತ್ತಿತ್ತು. ಛತ್ರಿ ಕೈಯಲ್ಲಿದ್ದರೂ ನಾನು ಬಿಚ್ಚಲಿಲ್ಲ. ಹಿಡಿಯಲು ಕ್ಯಾಮೆರಾ ಇರಲಿಲ್ಲ.

ಈಗಲೂ ದಿಬ್ಬಣಗಳಿಗೆ ವ್ಯಾನು ಓಡಿಸುತ್ತೇನೆ. ಧಾರೆಯ ಹೊತ್ತಿಗೆ ಫ್ಲಾಶುಗಳು ಒಂದರ ಹಿಂದೆ ಒಂದು ಬೆಳಗುತ್ತವೆ. ಉಳಿದವರು ಕಣ್ಣು ಕಿರಿದು ಮಾಡಿ ಮುಖ ತಿರುಗಿಸುತ್ತಾರೆ. ಛತ್ರದ ಬಾಗಿಲಲ್ಲಿ ನಿಂತ ನನಗೆ ಮಾತ್ರ ಎದೆ ಹಗುರಾಗುತ್ತದೆ. ಯಾರೋ ಮೇಲೆ ನಿಂತು ನನಗಾಗಿ ಕಾಯುತ್ತಿದ್ದಾರೆ, ಇನ್ನು ಹತ್ತಿದರಾಯಿತು ಎನ್ನಿಸುತ್ತದೆ.