ಕಾಲಿಗೆ ಸಿಕ್ಕ ಸೀಟು

ನನ್ನ ಮಗನಿಗೆ ಆ ಖಾಸಗಿ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದ್ದು ಅವನ ಗಣಿತಕ್ಕೆ ಎಂದು ನಾನು ಎರಡು ವರ್ಷ ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಪರವಾಗಿರಲಿಲ್ಲ, ಊರಿಗೆಲ್ಲ ಸಾರಿಕೊಂಡು ಬಂದಿದ್ದೆ.

ತೊಂಬತ್ತರ ದಶಕ. ಅಟ್ಲಾಂಟಾದ ಹೊರಗೆ ಲಾರೆನ್ಸ್‌ವಿಲ್‌ನಲ್ಲಿ ನಾವು ಮನೆ ಮಾಡಿದಾಗ ನಮ್ಮ ಬೀದಿಯಲ್ಲಿ ಕನ್ನಡದವರು ಅಂದರೆ ನಾವು ನಾಲ್ವರೇ. ಅದರಲ್ಲೂ ಇಬ್ಬರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ನನ್ನ ಗಂಡ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದರು. ನಾನು ಬೆಂಗಳೂರಿನಲ್ಲಿ ಪಾಠ ಹೇಳುತ್ತಿದ್ದವಳು, ಇಲ್ಲಿ ಮನೆಯಲ್ಲಿದ್ದೆ.

ಮಗ ಸಾಕರ್, ಅಂದರೆ ನಮ್ಮ ಕಡೆಯ ಫುಟ್‌ಬಾಲ್, ಆಡುತ್ತಿದ್ದ. ಮನೆಗೆ ಹತ್ತಿರದ ಪಾರ್ಕಿನಲ್ಲಿ ಶನಿವಾರ ಶನಿವಾರ ಹುಡುಗರ ಫುಟ್‌ಬಾಲ್ ನಡೆಯುತ್ತಿತ್ತು. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅವರದ್ದು. ಅಲ್ಲಿನ ಕೋಚ್ ಇವನ ಕಾಲಿನ ಬಲ ನೋಡಿ, ಎರಡು ಕಂಬಗಳ ನಡುವೆ ಚೆಂಡು ಒದೆಯುವ ಕೆಲಸಕ್ಕೆ ಕರೆದ. ಓಡಬೇಕಿಲ್ಲ, ಯಾರನ್ನೂ ಬೀಳಿಸಬೇಕಿಲ್ಲ, ಬಂದು ಒದ್ದು ಹೋದರಾಯಿತು ಎಂದ ಮೇಲೆ ನಾನು ಒಪ್ಪಿದೆ. ಒದೆಯುವಾಗ ಇನ್ನೊಬ್ಬ ಹುಡುಗ ಮಂಡಿಯೂರಿ ಕೂತು ಚೆಂಡನ್ನು ಬೆರಳ ತುದಿಯಲ್ಲಿ ನೆಟ್ಟಗೆ ಹಿಡಿದಿರಬೇಕು. ಹಾಗೆ ಹಿಡಿಯುತ್ತಿದ್ದವನು ಎದುರು ಮನೆಯ ಹುಡುಗ. ಇವನ ಬೂಟು ಅವನ ಬೆರಳು ಮುರಿದೀತೆಂದು ನನಗೆ ದಿಗಿಲು. ಅವನ ತಾಯಿ, ಸ್ಕೂಲ್ ಬಸ್ ಓಡಿಸುವಾಕೆ, ನನ್ನ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ ನಗುತ್ತಿದ್ದಳು. ಆ ಆಟದಲ್ಲಿ ನನಗೆ ಗೊತ್ತಿದ್ದಷ್ಟನ್ನೂ ಕಲಿಸಿದವಳು ಅವಳೇ.

ಪಾರ್ಕಿನ ಹುಡುಗರ ಅಂಗಿಯ ಬಣ್ಣವೂ ನಮ್ಮೂರ ಪಬ್ಲಿಕ್ ಹೈಸ್ಕೂಲಿನ ಬಣ್ಣವೂ ಒಂದೇ. ಈ ಬೀದಿಗಳಲ್ಲಿ ಹುಟ್ಟಿದ ಹುಡುಗ ಪಾರ್ಕಿನಲ್ಲಿ ಆಡಿ, ಮುಂದೆ ಅದೇ ಬಣ್ಣದಲ್ಲಿ ಶುಕ್ರವಾರ ಸಂಜೆ ದೊಡ್ಡ ದೀಪಗಳ ಕೆಳಗೆ ಆಡುವುದು ಅಲ್ಲಿನ ವಾಡಿಕೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮಗ ಎಂಟನೆಯ ಕ್ಲಾಸಿನಲ್ಲಿದ್ದಾಗ ಆ ಖಾಸಗಿ ಶಾಲೆಯವರು ಫೋನ್ ಮಾಡಿದರು. ಪರೀಕ್ಷೆ ಬರೆಸಿ, ಮಾತಾಡಿಸಿ, ಸೀಟು ಕೊಟ್ಟು, ಫೀಸಿನ ಬಹುಪಾಲನ್ನು ತಾವೇ ಬಿಟ್ಟುಕೊಟ್ಟರು. ನಮ್ಮ ಕಡೆ ಸೀಟು ಎನ್ನುವ ಮಾತಿಗೆ ಇರುವ ತೂಕ ಗೊತ್ತಲ್ಲ. ಸರ್ಕಾರಿ ಶಾಲೆ ಗತಿಯಿಲ್ಲದವರಿಗೆ, ಒಳ್ಳೆಯ ಪ್ರೈವೇಟ್ ಶಾಲೆಯ ಸೀಟಿಗೆ ಬೆಳಗಿನ ಜಾವದಿಂದ ಕ್ಯೂ ನಿಲ್ಲಬೇಕು ಎಂದು ನಂಬಿ ಬೆಳೆದವರು ನಾವು. ಇಲ್ಲಿ ಅವರೇ ಕರೆದು ಕೊಟ್ಟಿದ್ದಾರೆ! ಅವನ ಗಣಿತದ ಮಾರ್ಕ್ಸ್ ನೋಡಿಯೇ ಇರಬೇಕು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಚೆಂಡಿನ ಯೋಚನೆ ನಮ್ಮ ತಲೆಗೇ ಬರಲಿಲ್ಲ. ಒದೆಯುವುದಕ್ಕೆ ಯಾರಾದರೂ ಸೀಟು ಕೊಡುತ್ತಾರೆಯೇ?

ಸೀಟು ಸಿಕ್ಕ ಮೇಲೆ ಸಿಹಿ ಹಂಚಬೇಕು. ಹಾಲಿನ ಪುಡಿ, ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್ ಕಲಸಿ ಮೈಕ್ರೋವೇವಿನಲ್ಲಿ ಪೇಡ ಮಾಡಿದೆ. ಮೊದಲ ಡಬ್ಬಿ ಎದುರು ಮನೆಗೆ. ಅವಳು ಡಬ್ಬಿ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ಹಾಗಾದರೆ ನಮ್ಮ ಕಿಕರ್‌ನ ಎತ್ತಿಕೊಂಡು ಹೋದರು ಅನ್ನು," ಎಂದಳು.

"ಇಲ್ಲ ಇಲ್ಲ, ಅವನ ಮ್ಯಾತ್ಸ್ ತುಂಬಾ ಚೆನ್ನಾಗಿದೆ," ಎಂದೆ.

ಅವಳು ನನ್ನ ಮುಖ ನೋಡಿದಳು. "ಹೌದು ಚಿನ್ನ," ಎಂದಳು, ಮಗುವಿಗೆ ಹೇಳುವ ಹಾಗೆ. ಅವಳ ಮಗ ಒಳಗಿನಿಂದ ಬಂದು ಪೇಡ ನೋಡಿ, ತಿನ್ನದೆ ಹೊರಗೆ ಹೋದ. ಹೊಟ್ಟೆಕಿಚ್ಚು ಪಾಪ ಎಂದುಕೊಂಡು ನಾನು ಮನೆಗೆ ಬಂದೆ. ಎಂಥ ಪೆದ್ದಿ!

ಎರಡು ವರ್ಷಕ್ಕೆ ಮಗಳ ಸರದಿ ಬಂತು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಆಗಬಾರದು ಎಂದು ಅವಳನ್ನೂ ಅದೇ ಪರೀಕ್ಷೆಗೆ ಕೂರಿಸಿದೆವು. ಅಣ್ಣನಿಗಿಂತ ಎಷ್ಟೋ ಮೇಲಿನ ಅಂಕ ಬಂತು, ಗಣಿತದಲ್ಲಂತೂ ಹೋಲಿಕೆಯೇ ಇಲ್ಲ. ಶಾಲೆಯಿಂದ ಒಬ್ಬಾಕೆ ಬಹಳ ನಯವಾಗಿ ಫೋನ್ ಮಾಡಿ, ಸೀಟು ಖಂಡಿತ ಇದೆ, ಆದರೆ ಫೀಸಿನಲ್ಲಿ ಸಹಾಯ ಸಾಧ್ಯವಿಲ್ಲ ಎಂದಳು. ಅಣ್ಣನಿಗೆ ಕೊಟ್ಟಿದ್ದಿರಲ್ಲ ಎಂದೆ. ಪ್ರತಿಯೊಬ್ಬ ವಿದ್ಯಾರ್ಥಿಯ ವಿಷಯವೂ ಬೇರೆ ಎಂದಳು.

ಫೋನ್ ಇಟ್ಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಎದುರು ಮನೆಯಾಕೆ ಮೊದಲ ದಿನವೇ ಕಂಡಿದ್ದು ನನಗೆ ಆಗ ಕಂಡಿತು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ನನ್ನ ಗಂಡ ಸಂಜೆ ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಅವನಿಗೆ ಹೇಳ್ಬೇಡ ಕಣೇ. ತನ್ನ ತಲೆಗೆ ಸಿಕ್ಕಿದ್ದು ಅಂದ್ಕೊಂಡಿದಾನೆ. ಓದ್ತಿದಾನೆ. ಅಷ್ಟು ಸಾಕು."

ಮಗಳಿಗೆ ಹೇಳದಿರಲು ಆಗಲಿಲ್ಲ, ಅಂಕ ಅವಳಿಗೇ ಗೊತ್ತಿತ್ತು. ಅವಳು ಊರ ಪಬ್ಲಿಕ್ ಹೈಸ್ಕೂಲಿಗೆ ಸೇರಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಹಿಡಿದಳು. ಅಣ್ಣನಿಗೆ ಅಂಕ ಹೇಳಬೇಡ ಎಂದು ನಾನು ಕೇಳಿಕೊಂಡಾಗ, "ಓಕೆ," ಎಂದಳು, ಅಷ್ಟೇ. ಅಂದಿನಿಂದ ನನ್ನ ಭಯ ಒಂದೇ: ಅವನಿಗೆ ಗೊತ್ತಾಗಬಾರದು. ಊರಲ್ಲಿ ಫುಟ್‌ಬಾಲಿನ ಮಾತು ಬಂದಾಗೆಲ್ಲ ನಾನು ಮಾತು ತಿರುಗಿಸುತ್ತಿದ್ದೆ.

ಅವನ ಹನ್ನೆರಡನೆಯ ಕ್ಲಾಸಿನ ನವೆಂಬರಿನಲ್ಲಿ ತಿರುಗಿಸಲು ಜಾಗ ಉಳಿಯಲಿಲ್ಲ. ಪ್ಲೇಆಫ್‌ನಲ್ಲಿ ಮಗನ ಶಾಲೆಗೂ ಮಗಳ ಶಾಲೆಗೂ ಪಂದ್ಯ ಬಿತ್ತು, ಅದೂ ನಮ್ಮೂರ ಮೈದಾನದಲ್ಲಿ. ಸೋತವರ ಆಟ ಆ ವರ್ಷಕ್ಕೆ ಮುಗಿಯಿತು. ಕೊನೆಯ ವರ್ಷದ ಹುಡುಗರಿಗಾದರೆ ಶಾಲೆಯ ಆಟವೇ ಮುಗಿಯಿತು. ನಮ್ಮೂರ ಶಾಲೆಗೆ ಆಡುತ್ತಿದ್ದ ಎದುರು ಮನೆಯ ಹುಡುಗನೂ ಕೊನೆಯ ವರ್ಷದವನು.

ಆಗ ಆ ರಾಜ್ಯದಲ್ಲಿ ಎರಡು ಬಗೆಯ ಶಾಲೆಗಳೂ ಒಂದೇ ಪ್ಲೇಆಫ್ ಆಡುತ್ತಿದ್ದವು. ಪಬ್ಲಿಕ್ ಶಾಲೆಗೆ ಒಂದು ಗೆರೆ ಇದೆ, ಗೆರೆಯೊಳಗೆ ಮನೆ ಇದ್ದವರ ಮಕ್ಕಳೇ ಅದರ ಮಕ್ಕಳು. ಖಾಸಗಿ ಶಾಲೆಗೆ ಗೆರೆಯಿಲ್ಲ, ಯಾವ ಊರಿನಿಂದ ಬೇಕಾದರೂ ಕರೆದುಕೊಳ್ಳಬಹುದು. ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಆ ವಾರವೆಲ್ಲ ಇದೇ ಮಾತು. ಎದುರು ಮನೆಯಾಕೆ ಹೇಳಿದಳು: "ನನ್ನ ಬಸ್ಸು ಯಾರನ್ನ ತಂದು ಇಳಿಸುತ್ತೋ ಅವರೇ ನಮ್ಮ ಟೀಮು. ಅವರು ಬೇಕಾದವರನ್ನ ಆರಿಸಿಕೊಳ್ಳುತ್ತಾರೆ. ಆಮೇಲೆ ಇಬ್ಬರೂ ಸಮ ಅಂತಾರೆ."

ನನ್ನ ಗಂಡನಿಗೆ ಇದು ಸರಿಬರಲಿಲ್ಲ. "ಕಾಂಪಿಟಿಷನ್ ಅಂದ್ರೆ ಕಾಂಪಿಟಿಷನ್. ಸೋಲೋರು ಯಾವಾಗ್ಲೂ ರೂಲ್ ಸರಿಯಿಲ್ಲ ಅಂತಾರೆ," ಎಂದರು.

"ರೀ, ಎಲೆಗೆ ಬಡಿಸಿದ್ದನ್ನ ಉಣ್ಣೋರನ್ನೂ ಅಡಿಗೆಮನೆಗೆ ನುಗ್ಗಿ ಬೇಕಾದ್ದು ಬಡಿಸ್ಕೊಳ್ಳೋರನ್ನೂ ಒಂದೇ ಪಂಕ್ತೀಲಿ ಕೂರ್ಸಿ, ಯಾರು ಜಾಸ್ತಿ ತಿಂದ್ರು ನೋಡಿ ಅಂದ್ರೆ ಅದೇನು ನ್ಯಾಯ?" ಎಂದೆ. ನನಗೆ ಸಿಟ್ಟು ಬಂದರೆ ಊಟದ ಹೋಲಿಕೆಗಳೇ ಬರುವುದು.

"ಸೀಟು ತಗೊಳ್ಳೋವಾಗ ಈ ನ್ಯಾಯ ನೆನಪಾಗ್ಲಿಲ್ವಾ?" ಎಂದರು.

ಪಂದ್ಯದ ಸಂಜೆ ಚಳಿ ಕೊರೆಯುತ್ತಿತ್ತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಹಾಗಾಯಿತು ನನ್ನ ಪಾಡು. ಮಗನ ಶಾಲೆಯವರು ಆಚೆ ಬದಿ, ಮಗಳ ಬ್ಯಾಂಡು ಈಚೆ ಬದಿ. ಗಂಡ ಆಚೆ ಹೋಗಿ ಕೂತರು. ಮೊದಲರ್ಧ ನಾನು ಈಚೆ ಇದ್ದು, ವಿರಾಮದಲ್ಲಿ ಬ್ಯಾಂಡು ನೋಡಿ ಆಮೇಲೆ ಆಚೆ ಬರುವುದೆಂದು ಮಾತಾಗಿತ್ತು. ಎದುರು ಮನೆಯಾಕೆ ತನ್ನ ಕಂಬಳಿಯ ಅರ್ಧ ನನ್ನ ಕಾಲ ಮೇಲೆ ಹಾಕಿದಳು. ಬ್ಯಾಂಡು ಮುಗಿದ ಮೇಲೂ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಎದ್ದು ಆಚೆಗೆ ನಡೆದರೆ ಅಷ್ಟು ಜನರ ಮುಂದೆ ಅವಳಿಗೆ ಬೆನ್ನು ತಿರುಗಿಸಿದಂತೆ ಅನ್ನಿಸಿತು.

ಕೊನೆಯ ಗಳಿಗೆಯಲ್ಲಿ ನಮ್ಮೂರವರು ಎರಡು ಪಾಯಿಂಟು ಮುಂದಿದ್ದರು. ಕಂಬಗಳ ನಡುವೆ ಒದ್ದರೆ ಮೂರು. ಆಚೆಯವರು ನನ್ನ ಮಗನನ್ನು ಕಳಿಸಿದರು. ಯಾರೋ ಬೇರೆ ಹುಡುಗ ಅವನಿಗಾಗಿ ಚೆಂಡು ಹಿಡಿದ. ಎದುರು ಮನೆಯ ಹುಡುಗ ಈಗ ಎದುರು ಸಾಲಿನಲ್ಲಿದ್ದ, ಚೆಂಡನ್ನು ಕೈಯಲ್ಲಿ ತಡೆಯಲು. ನನ್ನ ಪಕ್ಕದವಳು ನನ್ನ ಮೊಣಕೈ ಹಿಡಿದುಕೊಂಡಳು. ನಾನು ದೇವರೇ ಎಂದೆ. ಏನು ಬೇಕೆಂದು ಕೇಳಲು ಬಾಯಿ ಬರಲಿಲ್ಲ.

ಮಗ ಒದ್ದ. ಆ ಹುಡುಗ ಎರಡೂ ಕೈ ಎತ್ತಿ ಹಾರಿದ. ಚೆಂಡು ಅವನ ಕೈಗಿಂತ ಮೇಲೆ ಹೋಗಿ ಕಂಬಗಳ ನಡುವೆ ಬಿತ್ತು.

"ಹೋಯ್ತು! ಒಳಗೆ ಹೋಯ್ತು!" ಎಂದು ನಾನು ಎದ್ದು ನಿಂತು ಕಿರುಚಿದೆ. ಎದ್ದಿದ್ದು ಗೊತ್ತಾಗಲಿಲ್ಲ, ಕಿರುಚಿದ್ದು ಗೊತ್ತಾಗಲಿಲ್ಲ. ಆ ಬದಿಯಲ್ಲಿ ಯಾರೂ ಉಸಿರೆತ್ತಿರಲಿಲ್ಲ. ಸುತ್ತಲಿನವರಿಗೆ ಕನ್ನಡ ಬರದಿದ್ದರೂ ನನ್ನ ಮುಖ ಕಾಣುತ್ತಿತ್ತು. ಕೆಳಗೆ ಬ್ಯಾಂಡಿನ ಸಾಲಿನಲ್ಲಿ ಮಗಳು ತಿರುಗಿ ನೋಡಿ, ಮತ್ತೆ ಮುಂದೆ ತಿರುಗಿಕೊಂಡಳು. ಎದುರು ಮನೆಯಾಕೆ ಎದ್ದು ಕಂಬಳಿ ಮಡಿಸತೊಡಗಿದಳು. ಎರಡು ಅಂಚು ನನ್ನ ಕೈಯಲ್ಲೇ ಇದ್ದವು. ಇಬ್ಬರು ಹೆಂಗಸರು ಸೀರೆ ಮಡಿಸುವಾಗ ಹತ್ತಿರ ಬರುತ್ತಾರಲ್ಲ, ಹಾಗೆ ಹತ್ತಿರ ಬಂದಳು. ನನ್ನ ಕೈಯಿಂದ ಅಂಚು ತೆಗೆದುಕೊಂಡು, ಮುಖ ನೋಡದೆ, ಹಾರಿ ನೆಲಕ್ಕೆ ಬಿದ್ದಿದ್ದ ತನ್ನ ಮಗನ ಕಡೆಗೆ ಮೆಟ್ಟಿಲಿಳಿದು ಹೋದಳು.

ಮಾರನೆಯ ದಿನ, ಶನಿವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ಎದುರು ಮನೆಯಾಕೆ ಬೆಳಗಿನಿಂದ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೆ. ನಮ್ಮ ಮನೆ ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ, ಬಿಟ್ಟು ಹೋಗಲಿ ಎಂದೂ ಬೇಡಿಕೊಂಡಿದ್ದೆ. ಬಾಗಿಲ ಗಂಟೆ ಬಾರಿಸಿತು.

"ಖಾಸಗಿ ಶಾಲೆಗಳಿಗೆ ಬೇರೆ ಪ್ಲೇಆಫ್ ಮಾಡಿ ಅಂತ ಬರೆದಿದ್ದೀವಿ," ಎಂದಳು. "ನಿನ್ನ ಮಗಳು ನಮ್ಮ ಶಾಲೆಯವಳು. ಅದಕ್ಕೆ ಕೇಳ್ತಿದ್ದೀನಿ. ಹಾಕದಿದ್ದರೂ ನನಗೆ ಬೇಜಾರಿಲ್ಲ."

ನನ್ನ ಗಂಡ ಒಳಗಿನಿಂದ ಕನ್ನಡದಲ್ಲಿ ಕೂಗಿದರು: "ನಾವ್ಯಾಕೆ ಸೈನ್ ಮಾಡ್ಬೇಕು? ನಮ್ಮ ಹುಡುಗ ಮೆರಿಟ್ ಮೇಲೆ ಹೋದವನು."

"ಅಪ್ಪಾ, ಸ್ಟಾಪ್," ಎಂದ ಮಗ. ಆಮೇಲೆ ನನಗೆ ಹೇಳಿದ: "ಅಮ್ಮ, ಸೈನ್ ಮಾಡು."

ನಾನು ತಿರುಗಿ ಅವನನ್ನು ನೋಡಿದೆ. ಅವನು ತಟ್ಟೆ ನೋಡುತ್ತಿದ್ದ. ಸಹಿ ಹಾಕಿದೆ. ಅವಳು ಥ್ಯಾಂಕ್ಸ್ ಹೇಳಿ ಪಕ್ಕದ ಮನೆಗೆ ಹೋದಳು. ನಾನು ಬಾಗಿಲು ಹಾಕಿ ಬಂದು ಕೂತೆ. ಅನ್ನ ಆರಿತ್ತು.

"ಫಸ್ಟ್ ಡೇನೇ ಗೊತ್ತಾಯ್ತು ನಂಗೆ," ಎಂದ ಮಗ. "ಕೋಚ್ ನನ್ನ ನೇಮ್ ಕೇಳ್ಲಿಲ್ಲ. ಎಲ್ರಿಗೂ 'ಇವ್ನೇ ನಮ್ಮ ಲೆಗ್' ಅಂದ. ನೀವಿಬ್ರೂ ಅಷ್ಟು ಹ್ಯಾಪಿ ಇದ್ರಿ. ಹೇಳ್ಲಿಲ್ಲ."

ಎರಡು ವರ್ಷ ನಾವು ಅವನನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಅವನು ನಾಲ್ಕು ವರ್ಷದಿಂದ ನಮ್ಮನ್ನು ಕಾಪಾಡುತ್ತಿದ್ದ.

"ಬಟ್ ಆ ಟೆಸ್ಟ್," ಎಂದ. ಆರಡಿ ಹುಡುಗನ ದನಿ ಒಮ್ಮೆಗೇ ಸಣ್ಣದಾಯಿತು. "ಅದು ನಾನು ಚೆನ್ನಾಗಿ ಮಾಡಿದ್ದೆ, ಅಲ್ವಾ ಅಮ್ಮ? ಕಿಕ್ ಮಾಡ್ದೇ ಇದ್ರೂ ನನ್ನ ತಗೋತಿದ್ರು, ಅಲ್ವಾ? ನಿಜ ಹೇಳು."

ನನಗೆ ನಿಜ ಗೊತ್ತಿತ್ತು. ಅವನ ಅಪ್ಪನಿಗೂ ಗೊತ್ತಿತ್ತು, ಅವರು ನೀರಿನ ಲೋಟ ಎತ್ತಿಕೊಂಡರು. ಬಾಯಿ ತೆರೆದೆ, ಹೌದು ಅನ್ನಲೂ ಬರಲಿಲ್ಲ, ಇಲ್ಲ ಅನ್ನಲೂ ಬರಲಿಲ್ಲ. ಸುಮ್ಮನಿದ್ದ ಅಷ್ಟು ಹೊತ್ತೇ ಉತ್ತರವಾಗಿ ಹೋಗುತ್ತಿತ್ತು.

"ಹೌದು ಅಣ್ಣ," ಎಂದಳು ಮಗಳು, ಮೊಸರು ಕಲಸುತ್ತಾ. "ನನಗಿಂತ ಜಾಸ್ತಿ ಬಂದಿತ್ತು ನಿಂಗೆ. ಅದಕ್ಕೇ ನಂಗೆ ಫೀಸ್ ಎಯ್ಡ್ ಕೊಡ್ಲಿಲ್ಲ."

ಮಗ ಅವಳನ್ನೇ ನೋಡಿದ. ಅವಳ ಗಣಿತ ಎಂಥದ್ದೆಂದು ಅವನಿಗೆ ಗೊತ್ತಿರದೆ ಇರಲಿಲ್ಲ, ಅವನ ಹೋಂವರ್ಕಿನ ಅರ್ಧವನ್ನು ಬಿಡಿಸಿಕೊಡುತ್ತಿದ್ದವಳು ಅವಳೇ.

"ಥ್ಯಾಂಕ್ಸ್," ಎಂದ ಅವನು, ಮತ್ತೆ ತಟ್ಟೆಗೆ ತಲೆ ತಗ್ಗಿಸಿದ.