ವಾರಗಿತ್ತಿಗೆಂದು ಬೆಳೆದ ಹರಿವೆ

ಐವತ್ತರ ದಶಕದ ಮಾತು. ಬೊಂಬಾಯಿಯ ಗೋರೆಗಾಂವಿನ ನಮ್ಮ ಚಾಳಿನ ಹಿಂದೆ ನಾನು ಹರಿವೆ ಬಿತ್ತಿದ್ದು ನನ್ನ ವಾರಗಿತ್ತಿಗಾಗಿ. ಮೈದುನನ ಹೆಂಡತಿ, ಚೊಚ್ಚಲ ಬಸುರಿ, ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದ್ದಳು. ಸ್ಟೇಷನ್ ಬಳಿಯ ಡಾಕ್ಟರು ಅವಳ ಕಣ್ಣರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲ. ದಿನಾ ಸೊಪ್ಪು ತಿನ್ನಿಸಿ, ಇಲ್ಲದಿದ್ದರೆ ಹೆರಿಗೆ ಕಷ್ಟ" ಎಂದಿದ್ದರು. ಮಾರ್ಕೆಟಿನ ಸೊಪ್ಪು ರೈಲು ಹಳಿಯ ಪಕ್ಕ ಗಟಾರದ ನೀರಲ್ಲಿ ಬೆಳೆದದ್ದೆಂದು ನನಗೆ ಅಸಹ್ಯ. ಊರಿಂದ ಬೀಜ ತರಿಸಿದೆ, ಎಮ್ಮೆಗಳ ತಬೇಲದಿಂದ ಸಗಣಿ ಹೊತ್ತು ತಂದೆ. ಚಾಳಿನವರು ನಕ್ಕರು. ನಗಲಿ ಎಂದೆ. ಹಿಡಿದ ಹಟ ಬಿಡುವವಳಲ್ಲ ನಾನು.

ಹರಿವೆ ಕೆಂಪಗೆ ಮೊಣಕಾಲೆತ್ತರ ಬಂತು. ಬೆಳಿಗ್ಗೆ ಗಂಡಸರಿಬ್ಬರೂ ಉಂಡು ಫೋರ್ಟಿನ ಆಫೀಸಿಗೆ ಲೋಕಲ್ ರೈಲು ಹಿಡಿಯಬೇಕು. ಹೆಂಗಸರ ಊಟ ಆಮೇಲೆ. ಹಾಗೇ ಆಗಬೇಕೆನ್ನಲು ಮನೆಯಲ್ಲಿ ಅತ್ತೆ ಕೂಡ ಇರಲಿಲ್ಲ. ಆದರೂ ಬೇರೆ ದಾರಿ ನನಗೆ ತೋಚಲೇ ಇಲ್ಲ.

ಹರಿವೆ ಪಲ್ಯ ಮಾಡಿದ ಮೊದಲ ದಿನವೇ ಮೈದುನ, "ಊರಿನದ್ದೇ ರುಚಿ ಮಾರಾಯ್ರೆ! ಇನ್ನೊಂಚೂರು ಹಾಕಿ ಅತ್ತಿಗೆ" ಎಂದ. ನನ್ನ ಗಂಡನೂ ತಟ್ಟೆ ಮುಂದೆ ಮಾಡಿದರು. ಹೊಗಳಿಕೆಗೆ ಉಬ್ಬಿಹೋಗಿ ಬಾಣಲೆಯ ತಳ ಕೆರೆದು ಬಡಿಸಿದೆ. ವಾರಗಿತ್ತಿಗೆ ಉಳಿದದ್ದು ಒಂದು ತುತ್ತು. "ನಂಗೆ ಸಾರೇ ಸಾಕು ಅಕ್ಕ" ಎಂದಳು. ನಾಳೆ ಇವಳ ಪಾಲು ಮೊದಲೇ ತೆಗೆದಿಡಬೇಕು ಎಂದುಕೊಂಡೆ. ಮರುದಿನವೂ ಅಷ್ಟೇ ಆಯಿತು, ಅದರ ಮರುದಿನವೂ.

ಏಳು ತಿಂಗಳಿಗೆ ಅವಳ ಕಾಲು ಬಾತುಕೊಂಡಾಗ ಮತ್ತೆ ಡಾಕ್ಟರಲ್ಲಿಗೆ ಹೋದೆವು. ಸೊಪ್ಪು ಕೊಡುತ್ತಿದ್ದೀರಾ ಎಂದು ಕೇಳಿದರು. "ದಿನಾ ಇದೆ ಡಾಕ್ಟ್ರೇ, ಹಿತ್ತಲಲ್ಲೇ ಬೆಳೆದದ್ದು" ಎಂದರು ನನ್ನ ಗಂಡ, ಹೆಮ್ಮೆಯಿಂದ. ಅವರು ದಿನಾ ತಿನ್ನುತ್ತಿದ್ದರಲ್ಲ! ವಾರಗಿತ್ತಿ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು. ಇಡೀ ಚಾಳಿನ ಬಾಯಿ ಮುಚ್ಚಿಸುವ ನಾನು ಅಲ್ಲಿ ಬಾಯಿ ಬಿಡಲಿಲ್ಲ. ಹಾಗಾದರೆ ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು ಡಾಕ್ಟರು ಜೀರ್ಣಕ್ಕೆ ಔಷಧಿ ಬರೆದುಕೊಟ್ಟರು.

ಮರುದಿನದಿಂದ ಅವಳ ಪಾಲು ತೆಗೆದಿಟ್ಟೆ. ವಾರದೊಳಗೆ ಮಳೆ ಹಿಡಿದು ಹರಿವೆಯ ಮಡಿಯೆಲ್ಲ ಕೊಳೆಯಿತು.

ಹೆರಿಗೆಯಲ್ಲಿ ಮಗು ಉಳಿಯಿತು, ಅವಳು ಉಳಿಯಲಿಲ್ಲ. ಡಾಕ್ಟರು ಮನೆಗೆ ಬಂದು ಮೈದುನನ ಭುಜ ಹಿಡಿದು, ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ ಎಂದರು. ಅವನು ಅಳುತ್ತಲೇ ನನ್ನ ಕಡೆ ತಿರುಗಿ, "ನಮ್ಮ ಅತ್ತಿಗೆ ಅವಳನ್ನು ಹೆತ್ತ ತಾಯಿಯ ಹಾಗೆ ನೋಡಿಕೊಂಡರು" ಎಂದ.

ಆಗಲೂ ನಾನು ಸುಮ್ಮನಿದ್ದೆ.